ಇನ್‌ಕ್ಯುಬೇಟರಿಗೆ ವಿಶ್ರಾಂತಿ

ವೀಕ್ಷಾಳ ಬಳಿ ದ್ರವ ಸಾರಜನಕ ಇರಲಿಲ್ಲ. ಇದ್ದಿದ್ದರೆ ತಾನು ಲ್ಯಾಬಿನಲ್ಲಿ ಸಾಕಿದ ಕ್ಯಾನ್ಸರ್ ಕೋಶಗಳಲ್ಲಿ ಒಂದಿಷ್ಟನ್ನು ಅದರಲ್ಲಿ ಹೆಪ್ಪುಗಟ್ಟಿಸಿಟ್ಟು ಹಬ್ಬಕ್ಕೆ ನೆಮ್ಮದಿಯಾಗಿ ಮನೆಗೆ ಹೋಗಬಹುದಿತ್ತು. ಖರೀದಿಯ ಕಡತ ಜೂನ್ ತಿಂಗಳಿಂದ ಪ್ರೊಫೆಸರ್ ತಿರುಮಲ ಅವರ ಮೇಜಿನ ಮೇಲಿತ್ತು. ಅವರಿಗೆ ಸಹಿ ಹಾಕಲು ಬಿಡುವಿರಲಿಲ್ಲ; ಭಾಷಣಗಳಿದ್ದವು.

ಭಾಷಣ ಒಂದೇ, ಸಭಾಂಗಣಗಳು ಬೇರೆ. ಮಾಮೂಲಿ ಕೀಮೋ ಔಷಧದ ಕಣ ಒಂದು ಸಲ ಕೆಲಸ ಮಾಡಿ ಮುಗಿದುಹೋಗುತ್ತದೆ. ಲೋಹಕ್ಕೆ ಇಂಗಾಲದ ಉಂಗುರ ಜೋಡಿಸಿ ಮಾಡಿದ ವೇಗವರ್ಧಕ ಹಾಗಲ್ಲ. ತಾನು ಖರ್ಚಾಗದೆ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡಿ, ಕ್ಯಾನ್ಸರ್ ಕೋಶದ ಒಳಗನ್ನು ಕೆಡಿಸಿ ಕೊಲ್ಲುತ್ತದೆ. ಚಿಟಿಕೆಯಷ್ಟು ಸಾಕು. ‘ದಣಿವೇ ಇಲ್ಲದ ಕೆಲಸಗಾರ’ ಎಂದು ತಿರುಮಲ ಹೇಳಿದ ಕೂಡಲೇ ಚೆನ್ನೈನ ಮೈಲಾಪೂರಿನ ನಿವೃತ್ತರು ಚಪ್ಪಾಳೆ ತಟ್ಟುತ್ತಿದ್ದರು. ಹನ್ನೆರಡು ವರ್ಷಗಳಲ್ಲಿ ಅವರ ಲ್ಯಾಬು ಮೂವತ್ತೊಂದು ಸಂಭಾವ್ಯ ಔಷಧಗಳನ್ನು ಕಂಡುಹಿಡಿದಿತ್ತು. ರೋಗಿಯ ಮಾತಿರಲಿ, ಒಂದೂ ಇಲಿಯವರೆಗೆ ಹೋಗಿರಲಿಲ್ಲ.

ಮೂವತ್ತೆರಡನೆಯದು ವೀಕ್ಷಾ ರುಥೇನಿಯಂ ಲೋಹದಿಂದ ಮಾಡಿದ ವೇಗವರ್ಧಕ. ಹಳೆಯ ಔಷಧಕ್ಕೆ ಬಗ್ಗದ ಕೋಶಗಳನ್ನೂ ಅದು ಕೊಲ್ಲುತ್ತದೆಂದು ತೋರಿಸಬೇಕಿತ್ತು. ಅಂಥ ಕೋಶಗಳಿಗಾಗಿ ಅವಳು ಹದಿನಾಲ್ಕು ತಿಂಗಳು ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ಹನಿಹನಿಯಾಗಿ ಹೆಚ್ಚಿಸುತ್ತ, ಸಾಯದೆ ಉಳಿದವನ್ನಷ್ಟೇ ಸಾಕಿದ್ದಳು. ಈಗ ಅವು ಇನ್‌ಕ್ಯುಬೇಟರಿನ ಬಿಸುಪಿನಲ್ಲಿ ಆರು ಫ್ಲಾಸ್ಕ್ ತುಂಬ ಇದ್ದವು. ಪ್ರಯೋಗ ಒಮ್ಮೆ ಗೆದ್ದಿತ್ತು. ಇನ್ನೆರಡು ಸಲ ಗೆಲ್ಲದೆ ಪಿಎಚ್‌ಡಿ ಪ್ರಬಂಧದ ಕೊನೆಯ ಅಧ್ಯಾಯಕ್ಕೆ ಬೆಲೆಯಿಲ್ಲ. ಫೆಲೋಶಿಪ್ ಡಿಸೆಂಬರಿಗೆ ಮುಗಿಯುತ್ತಿತ್ತು.

ಬುಧವಾರ ಹಬ್ಬದ ರಜೆಯಾದ್ದರಿಂದ ಮಂಗಳವಾರವೇ ಲ್ಯಾಬಿನಲ್ಲಿ ಆಯುಧಪೂಜೆ. ಅಟೆಂಡರ್ ನಂಜುಂಡ ಒಂದೊಂದು ಯಂತ್ರಕ್ಕೂ ಗಂಧ, ಕುಂಕುಮ ಹಚ್ಚಿಕೊಂಡು ಬಂದ. ಹಿಂದೆಯೇ ಬಂದ ತಿರುಮಲ ಕೈಮುಗಿದು ಸ್ವಿಚ್ ಆರಿಸುತ್ತಿದ್ದರು. ವರ್ಷಕ್ಕೊಮ್ಮೆ ಯಂತ್ರಗಳಿಗೂ ವಿಶ್ರಾಂತಿ ಬೇಕು ಎನ್ನುವುದು ಅವರ ತಂದೆಯ ಕಾಲದಿಂದ ಬಂದ ಪದ್ಧತಿ. ಇನ್‌ಕ್ಯುಬೇಟರಿನ ಮುಂದೆ ವೀಕ್ಷಾ ಅಡ್ಡ ನಿಂತಳು.

“ಸರ್, ಇದೊಂದು ಬೇಡ.”

“ಎಲ್ಲದಕ್ಕೂ ಪೂಜೆ ಮಾಡಿ ಇದೊಂದನ್ನೇ ದುಡಿಸಿದರೆ ನ್ಯಾಯವೇನಮ್ಮಾ?”

“ಒಳಗೆ ಜೀವ ಉಂಟು ಸರ್. ಮೂವತ್ತೇಳು ಡಿಗ್ರಿ ಇಲ್ಲದಿದ್ದರೆ ಸಾಯ್ತದೆ.”

ಸರಿ, ಇರಲಿ ಬಿಡು ಎಂದರು ಅವರು. ಗುರುವಾರ, ವಿಜಯದಶಮಿಯ ಬೆಳಿಗ್ಗೆ ಬಾಗಿಲು ತೆರೆಯುವುದಾಗಿಯೂ ಹೇಳಿದರು. ಅವಳು ನಂಬಿದಳು.

ಮರುದಿನ ಅವಳ ಅಪ್ಪ ಕಾಂತಪ್ಪ ಅಡುಗೆಮನೆ ನೋಡಿಕೊಳ್ಳುವ ಮೈಲಾಪೂರಿನ ಹೋಟೆಲಿನಲ್ಲಿ ಪೂಜೆ. ರುಬ್ಬುವ ಯಂತ್ರಗಳು ಹಾರ ಹಾಕಿಕೊಂಡು ಸುಮ್ಮನೆ ಕೂತಿದ್ದವು. ಕುಂಕುಮ ಮೆತ್ತಿದ ಫ್ರಿಜ್ ಮಾತ್ರ ಗುಂಯ್ ಎನ್ನುತ್ತಿತ್ತು. ಇದಕ್ಕೇಕೆ ವಿಶ್ರಾಂತಿ ಇಲ್ಲ ಎಂದು ಅವಳು ತಮಾಷೆಗೆ ಕೇಳಿದಳು.

“ಇದನ್ನು ಆಫ್ ಮಾಡಿದರೆ ನಾಳೆಯ ಹಿಟ್ಟಿನ ಗತಿ ಎಂತ ಮಾರಾಯ್ತಿ? ದೇವರಿಗೆ ಅಷ್ಟೂ ಗೊತ್ತಿಲ್ವಾ?” ಎಂದ ಕಾಂತಪ್ಪ.

ಗುರುವಾರ ಲ್ಯಾಬಿನ ಬಾಗಿಲು ತೆರೆಯಲಿಲ್ಲ. ತಿರುಮಲ ಬೀಗದಕೈ ಜೇಬಿನಲ್ಲಿಟ್ಟುಕೊಂಡೇ ತಿರುಪತಿಗೆ ಹೋಗಿದ್ದರು. ಎರಡನೆಯ ಬೀಗದಕೈ ಭದ್ರವಾಗಿ ಲ್ಯಾಬಿನೊಳಗೆ, ಅವರ ಡ್ರಾಯರಿನಲ್ಲೇ ಇತ್ತು. ವೀಕ್ಷಾ ನಾಲ್ಕು ಸಲ ಫೋನ್ ಮಾಡಿದಳು. ಸೋಮವಾರ ಒಳ್ಳೆಯ ಮುಹೂರ್ತವಿದೆ ಎಂದು ಮೆಸೇಜು ಬಂತು.

ಸೋಮವಾರ ಒಂಬತ್ತಕ್ಕೆ ಬಾಗಿಲು ತೆರೆದರು. ಇನ್‌ಕ್ಯುಬೇಟರಿನ ಅಂಕಿಗಳು ಆರಿದ್ದವು. ಒಳಗೆ ಆರು ಫ್ಲಾಸ್ಕುಗಳಲ್ಲೂ ಬೂದು ಬಣ್ಣದ ಬೂಸ್ಟು ಹತ್ತಿಯಂತೆ ಬೆಳೆದಿತ್ತು. ಮಂಗಳವಾರ ಬೀಗ ಹಾಕುವ ಮುಂಚೆ ಸಾರ್ ತಿರುಗಿ ಒಳಗೆ ಹೋಗಿದ್ದರು ಎಂದು ನಂಜುಂಡ ನೆಲ ನೋಡುತ್ತ ಹೇಳಿದ. ತಿರುಮಲ ಅಲ್ಲಗಳೆಯಲಿಲ್ಲ. ಒಂದೇ ಒಂದು ಯಂತ್ರ ಕತ್ತಲಲ್ಲಿ ದುಡಿಯುವುದನ್ನು ನೋಡಿ ಮನಸ್ಸಿಗೆ ಸಮಾಧಾನವಾಗಲಿಲ್ಲವಂತೆ. ಅಲ್ಲದೆ ಅವರು ಲೆಕ್ಕ ಹಾಕಿಯೇ ಆರಿಸಿದ್ದರು.

“ಸಿಸ್‌ಪ್ಲಾಟಿನ್ನಿಗೇ ಸಾಯದ್ದು, ಸ್ವಿಚ್ ಆರಿಸಿದರೆ ಸಾಯುತ್ತದೆ ಅಂತ ಯಾರಿಗಮ್ಮಾ ಗೊತ್ತು?”

“ನಾನು ಹೇಳಿದ್ದೆ ಸರ್.”

ಮತ್ತೆ ಬೆಳೆಸು, ನಾನಿದ್ದೇನೆ ಎಂದರು ಅವರು. ಅವಳು ಗೋಡೆಯ ಕ್ಯಾಲೆಂಡರ್ ತೋರಿಸಿದಳು. ಡಿಸೆಂಬರ್ ಮುಗಿಯಲು ಮೂರು ತಿಂಗಳೂ ಉಳಿದಿರಲಿಲ್ಲ.

ಮಧ್ಯಾಹ್ನ ವಾರ್ಷಿಕ ವರದಿಗೆ ಲ್ಯಾಬಿನ ಸಾಧನೆ ಒಂದು ವಾಕ್ಯದಲ್ಲಿ ಬೇಕೆಂದು ಕಚೇರಿಯವರು ಕೇಳಿದರು. ತಿರುಮಲ ಬರೆದುಕೊಟ್ಟರು: ‘ಔಷಧಕ್ಕೆ ಬಗ್ಗದ ಕ್ಯಾನ್ಸರ್ ಕೋಶಗಳು ನಮ್ಮ ಪ್ರಯೋಗಾಲಯದಲ್ಲಿ ನೂರಕ್ಕೆ ನೂರು ಸತ್ತಿವೆ.’ ತಪ್ಪಿದ್ದರೆ ತಿದ್ದು ಎಂದು ವೀಕ್ಷಾಳ ಕೈಗೆ ಕೊಟ್ಟರು. ತಿದ್ದುವಂಥದ್ದೇನೂ ಇರಲಿಲ್ಲ. ಅದೇ ಉತ್ಸಾಹದಲ್ಲಿ ಅವರು ಸಾರಜನಕದ ಕಡತಕ್ಕೂ ಸಹಿ ಹಾಕಿದರು.

ಅವಳು ಫ್ಲಾಸ್ಕುಗಳಿಗೆ ಬ್ಲೀಚ್ ಸುರಿದು, ಕೈ ತೊಳೆದು, ಲ್ಯಾಬಿನಲ್ಲಿ ಎಸೆದ ವಸ್ತುಗಳ ರಿಜಿಸ್ಟರಿನಲ್ಲಿ ಬರೆದಳು: ಫ್ಲಾಸ್ಕ್ ಆರು. ತಿಂಗಳು ಹದಿನಾಲ್ಕು. ಅಧ್ಯಾಯ ಒಂದು.