ಹೇಸರಗತ್ತೆಯ ಮೇಲೆ ಮುಂದಿನ ಜಾಗ

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನನ್ನ ಹೆಗ್ಗಣದ ಹೆಸರು ಉಮಾನಾಥ. ಆಗ ಅವನಿಗೆ ಹತ್ತು ವರ್ಷ. ತಿನ್ನುವುದರಲ್ಲಿ ಗಟ್ಟಿಗನೇ, ಆದರೆ ಚಳಿಗಾಲ ಬಂತೆಂದರೆ ದಮ್ಮು ಏಳುತ್ತಿತ್ತು. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅಥವಾ ನೆಪವೇ ಇರಬೇಕು. ಇಷ್ಟು ವರ್ಷವಾದರೂ ಮೊದಲು ಅದೇ ಬಾಯಿಗೆ ಬರುತ್ತದೆ.

ಅರವತ್ತೊಂಬತ್ತರ ಜನವರಿ. ಮರಾಠಿ ಸೀಮೆಯ ಓಝರಿನ ಕಾರ್ಖಾನೆ ಕಾಲನಿಯಲ್ಲಿ ನಮ್ಮ ಪಕ್ಕದ ಮನೆ ಮನ್ಮಥಪ್ಪನವರದು, ನಮ್ಮ ಹಾಗೆ ಬೀದರ ಕಡೆಯವರು. ಅವರ ಹೆಂಡತಿ ವೇದಾವತಿ ಬಾಣಂತನಕ್ಕೆ ತವರಿಗೆ ಹೋಗುವಾಗ, ಶಾಲೆ ತಪ್ಪಬಾರದೆಂದು ಏಳು ವರ್ಷದ ತುಳಸಿಯನ್ನು ಇಲ್ಲೇ ಬಿಟ್ಟಿದ್ದಳು. "ಸುಶೀಲಾಬಾಯಿ, ನಿಮ್ಮ ಮಗಳಂತ ತಿಳೀರಿ" ಅಂದಿದ್ದಳು.

ಒಂದು ರವಿವಾರ ಇಬ್ಬರು ಮಕ್ಕಳನ್ನೂ ತ್ರ್ಯಂಬಕಕ್ಕೆ ಕರೆದುಕೊಂಡು ಹೋದೆ. ದರ್ಶನ ಮುಗಿಸಿ ಗುಡ್ಡದ ಬುಡಕ್ಕೆ ಬಂದರೆ ಒಬ್ಬ ಮುದುಕ ಹೇಸರಗತ್ತೆ ಹಿಡಿದು ನಿಂತಿದ್ದ. ಮಕ್ಕಳು ಹಟ ಹಿಡಿದರು. ಮುದುಕ ಮೊದಲು ಮಿಲಿಟರಿಯಲ್ಲಿ ಇವನ್ನೇ ಸಾಕುತ್ತಿದ್ದನಂತೆ. ದೊಡ್ಡ ಹುಡುಗ ಮುಂದೆ ಕೂಡಲಿ, ಸಣ್ಣವಳು ಹಿಂದೆ. ಮೇಲಿನ ತಿರುವಿನಲ್ಲಿ ಗಾಳಿ ಕೆಟ್ಟದು, ಅಷ್ಟೂ ಮುಂದೆ ಕೂತವರಿಗೇ ಬಡಿಯುತ್ತದೆ ಎಂದು ಮರಾಠಿಯಲ್ಲಿ ಹೇಳಿದ.

ನನಗೆ ಸ್ಪಷ್ಟವಾಗಿ ಕೇಳಿಸಿತ್ತು.

"ಮಂದಿ ಕೂಸು, ಪಾಪ, ಮುಂದ ಕೂತು ಎಲ್ಲಾ ನೋಡ್ಲಿ" ಅಂದೆ, ಸುತ್ತಲಿದ್ದವರಿಗೂ ಕೇಳುವಂತೆ. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ. ಮುದುಕ ಒಮ್ಮೆ ನನ್ನ ಮುಖ ನೋಡಿ ತುಳಸಿಯನ್ನು ಎತ್ತಿ ಮುಂದೆ ಕೂಡಿಸಿದ.

ತಿರುವಿನಲ್ಲಿ ಗಾಳಿ ಬಂತು. ನನಗೇ ಹಲ್ಲು ಕಟಕಟ ಅನ್ನುವಷ್ಟು ಚಳಿ. ತುಳಸಿ ಕಣ್ಣು ಮುಚ್ಚಿ, ಜೀನು ಹಿಡಿದು ಕೂತಿದ್ದಳು. ಅವಳ ಬೆನ್ನಿಗೆ ಮುಖ ಒತ್ತಿಕೊಂಡು ನನ್ನ ಮಗ ನಗುತ್ತಿದ್ದ. ಮುದುಕ ನಿಂತು ತನ್ನ ಕಂಬಳಿ ತೆಗೆದು ಅವಳಿಗೆ ಸುತ್ತಿದ. ಆಗಲಾದರೂ ಇಳಿಸಿ ಜಾಗ ಬದಲಿಸಬಹುದಿತ್ತು. ಮಗನಿಗೆ ದಮ್ಮು ಎದ್ದಿಲ್ಲವೆಂದು ಕಂಡು ಸುಮ್ಮನಾದೆ.

ಮರುದಿನದಿಂದ ತುಳಸಿಗೆ ಜ್ವರ, ಎಂಟು ದಿನ. ಕಷಾಯ ಕಾಸಿದೆ, ಗಂಜಿ ಕುಡಿಸಿದೆ, ಅವಳ ಹಾಸಿಗೆಯ ಪಕ್ಕ ಬಿಟ್ಟು ನಾನು ಏಳಲಿಲ್ಲ. ಮನ್ಮಥಪ್ಪನವರು ಕಣ್ಣು ಒರೆಸಿಕೊಂಡರು. "ಸ್ವಂತ ಮಗನ್ನ ಹಿಂದ ಕೂಡ್ಸಿ ನಮ್ಮ ಕೂಸಿಗಿ ಮುಂದ ಕೂಡ್ಸಿದ್ರಂತ. ಯಾರ್ ಮಾಡ್ತಾರ್ರೀ ಇಷ್ಟು?" ನಾಚಿಕೆಯಿಂದ ಸತ್ತೆ. ಆದರೂ ಬಾಯಿ ಬಿಡಲಿಲ್ಲ.

ಯುಗಾದಿ ಆದ ಮೇಲೆ ವೇದಾವತಿ ಕೂಸು ಎತ್ತಿಕೊಂಡು ಬಂದಳು. ಬಂದ ಮರುದಿನವೇ ಅಕ್ಕಿ, ಕಾಯಿ, ಕುಪ್ಪಸದ ಖಣ ತಂದು, ಬೇಡವೆಂದರೂ ಕೇಳದೆ ನನ್ನನ್ನು ಮಣೆಯ ಮೇಲೆ ಕೂಡಿಸಿದಳು. ಮಗಳನ್ನು ನೋಡಿಕೊಂಡದ್ದಕ್ಕೆ ಉಡಿ ತುಂಬಬೇಕಂತೆ. ಸೆರಗು ಒಡ್ಡಿದೆ. ಅವಳು ಬೊಗಸೆಯಿಂದ ಅಕ್ಕಿ ಹಾಕುತ್ತಿದ್ದಾಗ ತುಳಸಿ ಬಂದು ನನ್ನ ಮೊಣಕಾಲಿಗೆ ಒರಗಿದಳು.

"ಕಾಕೂ, ಆವತ್ತ ಉಮಾನಾಥಗ ಗಾಳಿ ಹತ್ತಲಿಲ್ಲಲ್ರೀ? ಆ ಆಜೋಬಾ ನಿಮಗ ಹೇಳಿದ್ದು ನಾನೂ ಕೇಳಿದ್ದೆ. ಅದಕ್ಕ ಒಟ್ಟ ಅಲುಗಾಡದ ಅವಗ ಅಡ್ಡ ಕೂತಿದ್ದೆ."

ಅವಳ ಮುಖದಲ್ಲಿ ದೂರು ಇರಲಿಲ್ಲ. ನಾನು ಶಹಬ್ಬಾಸ್ ಅನ್ನಲೆಂದು ಕಾಯುತ್ತಿದ್ದಳು.

ವೇದಾವತಿಯ ಕೈ ನಿಂತಿತು. "ಯಾವ ಮುದುಕ? ಏನ್ ಹೇಳಿದ್ದನ್ರೀ ನಿಮಗ?" ಎಂದು ನನ್ನನ್ನು ಕೇಳಿದಳು.

ಅರ್ಧ ತುಂಬಿದ ಸೆರಗು ಹಿಡಿದುಕೊಂಡೇ ನಾನು ಹೇಳತೊಡಗಿದೆ.