ಬದಲಿಗೆ ಬಂದದ್ದರ ಆಯುಷ್ಯ

ಸೋಮವಾರ ಬೆಳಗ್ಗೆ ಕಂಪ್ಯೂಟರ್ ಟಪ್ ಎಂದು ಸದ್ದು ಮಾಡಿ ಕಣ್ಣು ಮುಚ್ಚಿದಾಗ ಹಲ್ಲಿನಮ್ಮ ಮೊದಲು ಮಾಡಿದ ಕೆಲಸವೆಂದರೆ ಬೈಯುವುದು. ಯಂತ್ರವನ್ನು ಬೈದಳು, ಕರೆಂಟನ್ನು ಬೈದಳು, ಎದುರಿಗೆ ಇದ್ದನೆಂಬ ಒಂದೇ ತಪ್ಪಿಗೆ ಮೈದುನನನ್ನೂ ಬೈದಳು. ಕಟ್ಟಿಸಿಕೊಳ್ಳುವ ಹಲ್ಲು ಮಾಡುವುದು ಅವಳ ಕಸುಬು. ಆ ಹೆಸರು ಬೀದಿಯವರು ಇಟ್ಟದ್ದು. ಮನೆಯ ಮುಂದಿನ ಕೋಣೆಯೇ ಲ್ಯಾಬ್. ದಂತವೈದ್ಯರು ಕೊಡುವ ಅಚ್ಚುಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಹಲ್ಲಿನ ರೂಪ ಬಿಡಿಸುವವನು ಮೈದುನ. ಅದಕ್ಕೆ ಬಣ್ಣ, ಹೊಳಪು ಕೊಟ್ಟು ಜೀವ ತುಂಬುವವಳು ಅವಳು.

ಆವತ್ತು ಪರದೆಯ ಮೇಲಿದ್ದದ್ದು ಒಬ್ಬ ಟೀಚರಮ್ಮನ ಬ್ರಿಡ್ಜ್, ಅಂದರೆ ಒಂದಕ್ಕೊಂದು ಸೇರಿಸಿ ಕೂರಿಸುವ ಮುಂದಿನ ಮೂರು ಹಲ್ಲುಗಳ ಸಾಲು. ಹಿಂದೆ ಇವಳೇ ಮಾಡಿಕೊಟ್ಟದ್ದು ಮುರಿದಿತ್ತು. ಗ್ಯಾರಂಟಿ ಇನ್ನೂ ಇದ್ದದ್ದರಿಂದ ಬಿಟ್ಟಿಯಾಗಿ ಮತ್ತೊಂದು ಮಾಡಿಕೊಡಬೇಕಿತ್ತು. ಪಾಪ, ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದೇ ಪಾಠ ಮಾಡುತ್ತಿದ್ದಳಂತೆ. ಡಾಕ್ಟರ್ ಫೋನಿನಲ್ಲಿ ಮೆತ್ತಗೇ ಹೇಳಿದ್ದರು: "ಶುಕ್ರವಾರಕ್ಕೆ ಬರದೇ ಇದ್ರೆ ನನ್ನ ಕೆಲಸ ಎಲ್ಲಾ ದೊಡ್ಡ ಲ್ಯಾಬಿಗೆ ಹೋಗುತ್ತೆ. ಬೇಜಾರು ಮಾಡ್ಕೋಬೇಡಿ." ಅವಳ ಲ್ಯಾಬಿನ ಮುಕ್ಕಾಲು ಪಾಲು ಕೆಲಸ ಆ ಡಾಕ್ಟರದ್ದೇ. ಅದು ಕೈ ತಪ್ಪಿದರೆ ಬಾಗಿಲು ಹಾಕುವುದೊಂದೇ ದಾರಿ.

"ಪವರ್ ಸಪ್ಲೈ ಹೋಗಿದೆ ಅತ್ತಿಗೆ," ಎಂದ ಮೈದುನ, ಬಿಚ್ಚಿದ ಡಬ್ಬಿಯನ್ನು ಮೂಸಿ ನೋಡಿ. "ಹೊಸದು ತಂದುಬಿಡೋಣ."

"ವಾರಂಟಿ ಇರುವಾಗ ನಾನ್ಯಾಕೆ ಹೊಸದು ತರಲಿ?"

ಪಟ್ಟು ಹಿಡಿದಳೆಂದರೆ ಜಗ್ಗುವವಳಲ್ಲ. ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಒಗ್ಗುವಷ್ಟಕ್ಕೆ ಇಳಿಸಿಕೊಡುವ ಆ ಕಬ್ಬಿಣದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಅಂಗಡಿಗೆ ಹೊರಟೇಬಿಟ್ಟಳು.

ಅಂಗಡಿಯವನು ಡಬ್ಬಿಯ ನಂಬರು ನೋಡಿದ. "ಇದು ಆಗಲೇ ಒಂದ್ಸಲ ಬದಲಾಯಿಸಿ ಕೊಟ್ಟಿದ್ದು ಮೇಡಂ. ಬದಲಿಗೆ ಕೊಟ್ಟಿದ್ದಕ್ಕೆ ಬೇರೆ ವಾರಂಟಿ ಇರಲ್ಲ. ಮೊದಲನೇದರಲ್ಲಿ ಎಷ್ಟು ಉಳಿದಿತ್ತೋ ಅಷ್ಟೇ. ಈಗ ಬದಲಾಯಿಸ್ತೀನಿ, ಆದ್ರೆ ಈ ತಿಂಗಳು ಕಳೆದ ಮೇಲೆ ಕೆಟ್ರೆ ನಮ್ಮನ್ನ ಕೇಳೋ ಹಾಗಿಲ್ಲ."

"ಕೆಡೋ ಮಾಲು ಕೊಟ್ಟೋರು ನೀವು. ಅದರ ಬದಲಿಗೆ ಹೊಸದು ಕೊಟ್ಟ ಮೇಲೆ ಆಯುಷ್ಯವೂ ಹೊಸದಾಗಿ ಶುರುವಾಗಬೇಕಲ್ವಾ? ಯಾವ ಸೀಮೆ ನ್ಯಾಯ ಇದು?"

"ಕಂಪನಿ ನ್ಯಾಯ," ಎಂದ ಅವನು. ಹಳೆಯ ಮಾದರಿ ಈಗ ಬರುತ್ತಿಲ್ಲವೆಂದು ಅದೇ ಕಂಪನಿಯ ಬೇರೆ ಮಾದರಿ ತೆಗೆದುಕೊಟ್ಟ. ಇದರ ಕೇಬಲ್ ಇದರ ಪೆಟ್ಟಿಗೆಯಲ್ಲೇ ಇದೆ, ಅದನ್ನೇ ಹಾಕಿ ಎಂದೂ ಹೇಳಿದ. ಸಿಟ್ಟಿನ ಭರದಲ್ಲಿ ಆ ಮಾತು ಅವಳ ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ.

ಮನೆಗೆ ಬಂದಾಗ ಮೈದುನ ಇನ್ನೊಂದು ಆಸ್ಪತ್ರೆಯಿಂದ ಅಚ್ಚು ತರಲು ಹೋಗಿದ್ದ. ಕಾಯುವ ತಾಳ್ಮೆ ಅವಳಿಗೆ ಹುಟ್ಟಿನಿಂದಲೇ ಇಲ್ಲ. ಹಳೆಯ ಡಬ್ಬಿಯಿಂದ ಕಳಚಿದ್ದ ಕೇಬಲುಗಳು ಕಂಪ್ಯೂಟರಿನ ಒಳಗೆ ಅಚ್ಚುಕಟ್ಟಾಗಿ ಕಟ್ಟಿಸಿಕೊಂಡು ಕೂತಿದ್ದವು. ಅವನ್ನೆಲ್ಲ ಬಿಚ್ಚಿ ಮತ್ತೆ ಕಟ್ಟುವುದು ಯಾರಿಗೆ ಬೇಕು? ಅವುಗಳ ತುದಿಯನ್ನೇ ಹೊಸ ಡಬ್ಬಿಗೆ ಸಿಕ್ಕಿಸಿದಳು. ಒಂದೊಂದೂ ಟಕ್ ಎಂದು ಕೂತಿತು. ಅವಳ ಕಸುಬಿನಲ್ಲಿ ಸಂದಿಲ್ಲದೆ ಕೂತದ್ದು ಸರಿ, ಅಲುಗಾಡಿದ್ದು ತಪ್ಪು. ಅದಕ್ಕಿಂತ ದೊಡ್ಡ ಪರೀಕ್ಷೆ ಬೇರೆ ಇಲ್ಲ. ಬೆರಳಿಗೆ ಅಷ್ಟು ಗೊತ್ತಾದ ಮೇಲೆ ಬೇರೇನನ್ನೂ ಯೋಚಿಸದೆ ಸ್ವಿಚ್ ಒತ್ತಿದಳು. ಸುಟ್ಟ ವಾಸನೆ ಕೋಣೆಯೆಲ್ಲ ತುಂಬಿತು.

ಮೈದುನ ಬಂದವನು ಒಳಗೆ ಇಣುಕಿ ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡ. "ಹೊರಗಿಂದ ಒಂದೇ ಥರ ಕಾಣುತ್ತೆ, ಆದ್ರೆ ಒಳಗೆ ತಂತಿ ಜೋಡಿಸಿರೋದು ಬೇರೆ ಬೇರೆ ಅತ್ತಿಗೆ. ಒಂದರ ಕೇಬಲ್ ಇನ್ನೊಂದಕ್ಕೆ ಹಾಕಬಾರದು. ಡಬ್ಬಿಯೂ ಹೋಯ್ತು, ಡಿಸ್ಕೂ ಸುಟ್ಟುಹೋಗಿದೆ."

ಡಿಸ್ಕಿನ ಜೊತೆಗೆ ಅದರಲ್ಲಿ ಬಿಡಿಸಿಟ್ಟಿದ್ದ ಟೀಚರಮ್ಮನ ಹಲ್ಲೂ ಹೋಗಿತ್ತು. ಹೊಸ ಡಿಸ್ಕ್ ತಂದರೂ, ಹಲ್ಲು ಬಿಡಿಸುವ ಸಾಫ್ಟ್‌ವೇರ್ ಹಾಕಿಕೊಡುವವನು ಬರುವುದು ಮುಂದಿನ ವಾರ. ಹಲ್ಲಿನಮ್ಮನಿಗೆ ಅಳು ಉಕ್ಕಿ ಬಂತು. ಯಾರನ್ನು ಬೈಯೋಣವೆಂದರೆ ಈ ಸಲ ಯಾರೂ ಸಿಗಲಿಲ್ಲ.

"ಡಾಕ್ಟರಿಗೆ ಫೋನ್ ಮಾಡಿ ಆಗಲ್ಲ ಅಂದುಬಿಡ್ಲಾ?" ಮೈದುನ ಮೆಲ್ಲಗೆ ಕೇಳಿದ.

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. ಪ್ಲಾಸ್ಟರಿನ ಅಚ್ಚು ಮೇಜಿನ ಮೇಲೆ ಹಾಗೇ ಇತ್ತು. "ಅಚ್ಚು ಸುಟ್ಟುಹೋಗಿದ್ಯಾ? ಇಲ್ಲ ತಾನೇ? ಕಂಪ್ಯೂಟರ್ ಬರೋ ಮುಂಚೆ ಜನ ಎಲ್ಲಾ ಬೊಚ್ಚು ಬಾಯಲ್ಲೇ ಓಡಾಡ್ತಿದ್ರಾ? ಮೇಣ ತೆಗಿ."

ಮೇಣದಲ್ಲಿ ಕೆತ್ತಿ, ಲೋಹದ ಎರಕ ಹೊಯ್ದು, ಮೇಲೆ ಪಿಂಗಾಣಿ ಪುಡಿ ಹಚ್ಚಿ ಸುಡುವ ಕೆಲಸವನ್ನು ಅವಳು ಬಿಟ್ಟು ಎಷ್ಟೋ ವರ್ಷವಾಗಿತ್ತು. ಮೊದಲ ಎರಕದಲ್ಲಿ ಗುಳ್ಳೆ ಬಂತು. ಅದನ್ನು ಬುಟ್ಟಿಗೆ ಎಸೆದು ಮತ್ತೆ ಮೇಣ ಹಿಡಿದಳು. ಎರಡನೆಯದು ಒಂದು ಕೂದಲೆಳೆಯಷ್ಟು ವಾರೆಯಾಯಿತು. ನಡೆಯುತ್ತೆ ಬಿಡಿ ಎಂದ ಮೈದುನನ ಮಾತಿಗೆ ಸೊಪ್ಪು ಹಾಕದೆ ಅದನ್ನೂ ಎಸೆದಳು. ಮೂರನೆಯದು ಒಪ್ಪಿಗೆಯಾಗುವ ಹೊತ್ತಿಗೆ ಅವಳ ಬೆನ್ನು ಹಿಡಿದುಕೊಂಡಿತ್ತು. ಆದರೂ ಕೈ ನಿಲ್ಲಲಿಲ್ಲ.

ಗುರುವಾರ ಪಿಂಗಾಣಿ ಕುಲುಮೆಯಲ್ಲಿರುವಾಗ ಇಬ್ಬರೂ ಅಂಗಡಿಗೆ ಹೋದರು.

"ಬೇರೆ ಕೇಬಲ್ ಹಾಕಿದ್ರೆ ವಾರಂಟಿ ಹೋದ ಹಾಗೇ ಮೇಡಂ. ಡಿಸ್ಕಂತೂ ಅದರಲ್ಲಿ ಬರೋದೇ ಇಲ್ಲ," ಎಂದ ಅಂಗಡಿಯವನು, ಜಗಳಕ್ಕೆ ಸಿದ್ಧನಾಗಿ.

"ಗೊತ್ತು. ತಪ್ಪು ನಂದೇ. ಹೊಸ ಪವರ್ ಸಪ್ಲೈ ತೋರಿಸಿ."

ಅವನು ಬಣ್ಣದ ದೀಪ ಮಿನುಗುವುದೊಂದನ್ನು ಮುಂದಿಟ್ಟ. ನನಗೆ ಕೆಲಸ ಮಾಡೋದು ಬೇಕು, ಕುಣಿಯೋದಲ್ಲ ಎಂದು ಅವಳು ಅದನ್ನು ಪಕ್ಕಕ್ಕೆ ಸರಿಸಿದಳು. ಸ್ಕ್ಯಾನರಿಗೆ, ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ವಾಟ್ ಬೇಕು, ಮೇಲೆ ಎಷ್ಟು ಉಳಿದಿರಬೇಕು ಎಂಬುದನ್ನು ಮೈದುನ ನೋಡಿಕೊಂಡ. ಅವಳು ಪ್ರತಿಯೊಂದಕ್ಕೂ ಕೇಳಿದ್ದು ಒಂದೇ ಪ್ರಶ್ನೆ: "ಇದು ಕೆಟ್ಟು ಬದಲಿ ಕೊಟ್ರೆ, ಆ ಬದಲಿಗೆ ವಾರಂಟಿ ಯಾವತ್ತಿಂದ?" ಎಲ್ಲವೂ ಹಳೆಯದರ ಉಳಿಕೆಯೇ. ಕೊನೆಗೆ ಕೆಳಗಿನ ಕಪಾಟಿನಿಂದ ಬಂದ, ಮುಖವೇ ಇಲ್ಲದಂಥ ಒಂದು ಕಪ್ಪು ಡಬ್ಬಿಯ ಕಂಪನಿ ಮಾತ್ರ ಬದಲಿಗೆ ಹೊಸದಾಗಿ ವಾರಂಟಿ ಕೊಡುತ್ತಿತ್ತು. ಬೆಲೆ ಕೇಳಿ ಮೈದುನ ಕೆಮ್ಮಿದ.

"ಇದನ್ನೇ ಕಟ್ಟಿ," ಎಂದಳು. "ತಾನು ಮಾಡಿದ್ದರ ಮೇಲೆ ನಂಬಿಕೆ ಇರೋನು ಹೀಗೆ ಕೊಡ್ತಾನೆ."

ಶುಕ್ರವಾರ ಆಸ್ಪತ್ರೆಯಲ್ಲಿ ಅತ್ತಿಗೆ-ಮೈದುನರ ಎದುರಿಗೇ ಡಾಕ್ಟರ್ ಬ್ರಿಡ್ಜ್ ಕೂರಿಸಿ, ಟೀಚರಮ್ಮನಿಂದ ಎರಡು ಮೂರು ಸಲ ಕಚ್ಚಿಸಿ ನೋಡಿದರು. ಕೈಯಲ್ಲೇ ಮಾಡಿದ್ದೆಂದು ಕೇಳಿ ಹುಬ್ಬೇರಿಸಿದರು. "ಹೋಗುವಾಗ ಮುಂದಿನ ವಾರದ ಅಚ್ಚುಗಳನ್ನ ತೊಗೊಂಡು ಹೋಗಿ," ಎಂದರು. ಹಲ್ಲಿನಮ್ಮನಿಗೆ ಹೋದ ಜೀವ ಬಂದ ಹಾಗಾಯಿತು.

ಟೀಚರಮ್ಮ ಕನ್ನಡಿಯಲ್ಲಿ ನಕ್ಕು ನೋಡಿಕೊಂಡಳು. ಆಮೇಲೆ ಸಂಕೋಚದಿಂದ ಕೇಳಿದಳು: "ಇದಕ್ಕೂ ಗ್ಯಾರಂಟಿ ಇರುತ್ತಾ?"

"ಇರುತ್ತೆ ಟೀಚರ್," ಎಂದ ಮೈದುನ, ಎಲ್ಲರಿಗೂ ಹೇಳುವಂತೆ. "ಮೊದಲಿನ ಬ್ರಿಡ್ಜಿಂದು ಎಷ್ಟು ಉಳಿದಿದೆಯೋ ಅಷ್ಟು. ಬದಲಿಗೆ ಕೊಟ್ಟಿದ್ದಕ್ಕೆ ಬೇರೆ ಇರಲ್ಲ."

ಆ ನಿಯಮ ಮಾಡಿದವಳು ಹಲ್ಲಿನಮ್ಮನೇ. ಎಷ್ಟು ಜನಕ್ಕೆ ಅದನ್ನು ಹೇಳಿ ಕಳಿಸಿದ್ದಳೋ ಅವಳಿಗೇ ನೆನಪಿಲ್ಲ, ಒಬ್ಬರೂ ಅವಳೊಡನೆ ಜಗಳವಾಡಿರಲಿಲ್ಲ. ಅಂಗಡಿಯಲ್ಲಿ ತಾನು ಆಡಿದ ಮಾತೆಲ್ಲ ಈಗ ತನ್ನ ಮುಖಕ್ಕೇ ಬಡಿದಂತಾಗಿ ನಾಚಿಕೆಯಾಯಿತು.

"ಹಾಗಾ," ಎಂದಳು ಟೀಚರಮ್ಮ, ಚೀಲ ಎತ್ತಿಕೊಳ್ಳುತ್ತ.

"ಇಲ್ಲಮ್ಮ, ಹಾಗಲ್ಲ," ಎಂದಳು ಹಲ್ಲಿನಮ್ಮ. "ಇವತ್ತಿಂದ ಹೊಸ ಲೆಕ್ಕ. ಪೂರ್ತಿ ಐದು ವರ್ಷ."

ಮೈದುನ ಅವಳ ಕಿವಿಯ ಹತ್ತಿರ ಬಗ್ಗಿದ. "ಅತ್ತಿಗೆ, ಇವರಿಗೆ ಕೊಟ್ರೆ ಎಲ್ಲರಿಗೂ ಕೊಡಬೇಕಾಗುತ್ತೆ."

"ಎಲ್ಲರಿಗೂ ಕಣೋ. ಹಿಂದೆ ಬದಲಾಯಿಸಿಕೊಂಡು ಹೋದೋರಿಗೂ. ನಾಳೆ ಒಬ್ಬೊಬ್ಬರಿಗೂ ಫೋನ್ ಮಾಡಿ ನಾನೇ ಹೇಳ್ತೀನಿ."