ಬೋರ್ಡಿನ ಮೇಲಿನ ಹೆಸರು

ಟೈಲರ್ ಅಂಗಡಿಯ ಬಾಗಿಲಿಗೆ ಎರಡು ಬೀಗ. ಒಂದು ಟೈಲರ್‌ನ ದೊಡ್ಡ ತಮ್ಮನದು, ಇನ್ನೊಂದು ಚಿಕ್ಕ ತಮ್ಮನದು. ಹೆಂಡತಿ ಮಕ್ಕಳಿಲ್ಲದ ಟೈಲರ್ ತೀರಿಕೊಂಡು ಇನ್ನೂ ತಿಂಗಳಾಗಿಲ್ಲ, ಆಗಲೇ ಈ ಅವಸ್ಥೆ! ಇಪ್ಪತ್ತು ವರ್ಷ ಅಣ್ಣನ ಪಕ್ಕದಲ್ಲೇ ಕೂತು ಮಿಷನ್ ತುಳಿದ ತಂಗಿ ಬೀದಿಪಾಲು. "ಅಂಗಡಿ ನಿನಗೇ ಕಣಮ್ಮ" ಅಂತ ಟೈಲರ್ ನೂರು ಸಲ ಹೇಳಿದ್ದ. ಬೀದಿಯವರೆಲ್ಲ ಕೇಳಿಸಿಕೊಂಡಿದ್ದರು. ಏನು ಬಂತು? ಹೇಳಿದ ಬಾಯಿ ಈಗಿಲ್ಲ.

ಆ ತಂಗಿಯನ್ನು ಎಲ್ಲರೂ ಹೊಲಿಗೆ ಅಕ್ಕ ಅಂತಾರೆ. ಒಂದು ಬೆಳಿಗ್ಗೆ ಅವಳು ಎದುರುಗಡೆ ಬೋರ್ಡ್ ಬರೆಯುವ ಪೇಂಟರಪ್ಪನ ಅಂಗಡಿಗೆ ಬಂದಳು.

"ಅಣ್ಣಾ, ಒಂದು ಸಣ್ಣ ಬೋರ್ಡ್ ಬೇಕು. 'ಇಲ್ಲಿ ಬಟ್ಟೆ ಹೊಲಿದು ಕೊಡಲಾಗುವುದು' ಅಂತ. ಮನೆ ಕಿಟಕಿಗೆ ನೇತುಹಾಕ್ತೀನಿ."

ಪೇಂಟರಪ್ಪ ಎದುರಿನ ಬೀಗಗಳ ಕಡೆ ನೋಡಿದರು. "ಅಲ್ಲಮ್ಮಾ, ನಿನಗೂ ಪಾಲಿಲ್ವಾ?"

"ಇದೆಯಂತೆ. ಆದ್ರೆ ಅವರಿಬ್ಬರು ಹಾಕಿರೋ ಕೇಸು ಮುಗಿಯೋ ತನಕ ಬಾಗಿಲು ತೆರೆಯೋ ಹಾಗಿಲ್ಲ. ಉಯಿಲು ಮಾಡಿಸ್ತೀನಿ, ಮಾಡಿಸ್ತೀನಿ ಅಂತಲೇ ಅಣ್ಣ ಹೊರಟುಹೋದ. ನೀವು ಮಾಡಿಸಿದ್ದೀರಾ?"

ಪೇಂಟರಪ್ಪ ನಕ್ಕು, ಕೈಲಿದ್ದ ಬ್ರಷ್‌ನಿಂದಲೇ ಮೇಲೆ ತೋರಿಸಿದರು. ತಮ್ಮ ಸ್ವಂತ ಅಂಗಡಿಯ ಬೋರ್ಡ್. ಅದರಲ್ಲಿ ದಪ್ಪ ನೀಲಿ ಅಕ್ಷರದಲ್ಲಿ ಮಗಳ ಹೆಸರು, ಕೆಳಗೆ 'ಮಾಲೀಕರು'. ಹೆತ್ತ ಮಗಳಲ್ಲ ಅವಳು. ಹೆಂಡತಿಯ ತಂಗಿಯ ಮಗಳು. ನಾಲ್ಕು ವರ್ಷಕ್ಕೇ ಹೆತ್ತವರನ್ನು ಕಳಕೊಂಡು ಈ ಮನೆಗೆ ಬಂದವಳು. ಹೆಂಡತಿಯೂ ಹೋದ ಮೇಲೆ ಇವರಿಗೆ ಅವಳು, ಅವಳಿಗೆ ಇವರು. ಈಗ ಅಂಗಡಿ ನಡೆಸುವವಳೂ ಅವಳೇ.

"ಇದಕ್ಕಿಂತ ಪತ್ರ ಬೇಕಾ? ಇಡೀ ಬೀದಿ ಓದುತ್ತೆ."

"ಬೀದಿ ಓದುತ್ತೆ ಅಣ್ಣಾ, ಕೋರ್ಟು ಓದಲ್ಲ. ನಾಳೆ ನಿಮ್ಮ ಅಣ್ಣನ ಮಕ್ಕಳು ಬಂದು ಬೀಗ ಜಡಿದ್ರೆ, ಅವಳೂ ಕಿಟಕಿಗೆ ಬೋರ್ಡ್ ಹಾಕ್ಕೋಬೇಕು."

"ಬದುಕಿರುವಾಗಲೇ ಉಯಿಲು ಬರೆಯೋದು ಅಂದ್ರೆ, ನನ್ನ ಹೆಸರಿನ ಮುಂದೆ ನಾನೇ 'ದಿವಂಗತ' ಅಂತ ಪೇಂಟ್ ಹೊಡೆದುಕೊಂಡ ಹಾಗೆ! ನಡಿ, ನಡಿ," ಅಂತ ಪೇಂಟರಪ್ಪ ರೇಗಿದರು.

ರೇಗಿದರೇನು, ಬ್ರಷ್ ಎತ್ತಿದಾಗಲೆಲ್ಲ ಎದುರಿಗೆ ಆ ಎರಡು ಬೀಗ. ಮೂರು ದಿನ ಕೆಲಸ ಹತ್ತಲಿಲ್ಲ. ನಾಲ್ಕನೆಯ ದಿನ ಅಂಗಿ ಬದಲಿಸಿ ಹೊರಟರು.

ಊರಿನ ಅರ್ಧ ವಕೀಲರ ಬೋರ್ಡು ಇವರ ಕೈಯಿಂದಲೇ ಆದದ್ದು. ಎಲ್ಲಕ್ಕಿಂತ ದೊಡ್ಡ ಬೋರ್ಡ್ ಬರೆಸಿದವರೇ ದೊಡ್ಡ ವಕೀಲರು ಅಂತ ಇವರ ಲೆಕ್ಕಾಚಾರ. ಹೋಗಿ ನೋಡಿದರೆ ಅವರು ಅಪಘಾತದ ಕೇಸು ನಡೆಸುವವರು. ಮುಖ ಕೂಡ ಎತ್ತದೆ ಅಚ್ಚಾದ ಫಾರಂ ಒಂದನ್ನು ಮುಂದೆ ತಳ್ಳಿ, "ಹೆಸರು ತುಂಬಿ, ಸಹಿ ಹಾಕಿ" ಅಂದರು. ಯಾರಿಗೆ, ಏಕೆ, ಒಂದು ಮಾತಿಲ್ಲ. ಪೇಂಟರಪ್ಪ ಫಾರಂ ಅಲ್ಲೇ ಬಿಟ್ಟು ವಾಪಸ್ಸು ಬಂದರು.

ಹೊಲಿಗೆ ಅಕ್ಕ ಹಣೆ ಚಚ್ಚಿಕೊಂಡಳು. "ಅಯ್ಯೋ, ಬೋರ್ಡ್ ನೋಡಿ ವಕೀಲರನ್ನ ಹುಡುಕ್ತಾರಾ! ಕಣ್ಣು ನೋವಿಗೆ ಹಲ್ಲಿನ ಡಾಕ್ಟರ್ ಹತ್ರ ಹೋಗ್ತೀರಾ? ಉಯಿಲು, ಆಸ್ತಿಯ ಕೆಲಸ ಮಾಡೋರು ಯಾರು ಅಂತ ಮಾಡಿಸಿಕೊಂಡವರನ್ನ ವಿಚಾರಿಸಿ. ಹೋದ ಮೇಲೆ ಬಾಯಿ ಬಿಟ್ಟು ಕೇಳಿ. ಇಂಥ ಎಷ್ಟು ಉಯಿಲು ಮಾಡಿಸಿದ್ದೀರಿ, ಪರವಾನಗಿ ಇದೆಯಾ, ಫೀಸು ಒಟ್ಟು ಎಷ್ಟು ಅಂತ. ಸಿಡುಕಿದ್ರೆ ಎದ್ದು ಬನ್ನಿ. ಫೀಸು ಕೊಡೋಕೆ ಆಗದಿದ್ರೆ ಕೋರ್ಟಿನಲ್ಲಿ ಉಚಿತ ನೆರವು ಸಿಗುತ್ತಾ ಅಂತ ಕೇಳಿ. ಇದೆಲ್ಲ ನಾನು ತಡವಾಗಿ ಕಲಿತದ್ದು ಅಣ್ಣಾ."

ಅವಳು ವಿಚಾರಿಸಿ ಹೇಳಿದ ವಕೀಲೆ ಔಷಧಿ ಅಂಗಡಿಯ ಮಹಡಿಯಲ್ಲಿದ್ದರು. ಬೋರ್ಡೇ ಇಲ್ಲ! ಬಾಗಿಲಿಗೆ ಅಂಟಿಸಿದ ಒಂದು ಚೀಟಿ, ಅದರಲ್ಲೂ ಅಕ್ಷರ ಸೊಟ್ಟ. ಪೇಂಟರಪ್ಪನಿಗೆ ಕಸಿವಿಸಿಯಾಯಿತು. ಆದರೂ ಮಗಳ ಜೊತೆ ಒಳಗೆ ಹೋಗಿ, ಕೇಳಬೇಕಾದ್ದನ್ನೆಲ್ಲ ಕೇಳಿದರು. ವಕೀಲೆ ಸಿಡುಕಲಿಲ್ಲ. ಫೀಸನ್ನು ಕಾಗದದಲ್ಲಿ ಬರೆದುಕೊಟ್ಟರು. ಆಮೇಲೆ ಅವರು ಕೇಳಿದರು.

"ಇವರು ನಿಮಗೆ ಏನಾಗಬೇಕು?"

"ಮಗಳು."

"ಹೆತ್ತ ಮಗಳಾ? ದತ್ತು ಪತ್ರ ಇದೆಯಾ?"

ಪೇಂಟರಪ್ಪ ಮಗಳ ಕಡೆ ನೋಡಿದರು. "ಇಲ್ಲ... ಸಾಕಿದ್ದು."

"ಹಾಗಾದ್ರೆ ಕಾನೂನಿನ ಕಣ್ಣಿಗೆ ಇವರು ನಿಮಗೆ ಏನೂ ಆಗಲ್ಲ. ನೀವು ಬರೆಯದೆ ಹೋದ್ರೆ ಅಂಗಡಿ ಆಗಲೇ ಹೇಳಿದ್ರಲ್ಲ, ಆ ನಿಮ್ಮ ಅಣ್ಣನ ಮಕ್ಕಳಿಗೆ ಹೋಗುತ್ತೆ."

ಏನೂ ಆಗಲ್ಲ! ಜ್ವರ ಬಂದಾಗ ಎದೆಯ ಮೇಲೆ ಮಲಗಿಸಿಕೊಂಡ ಕೂಸು, ಕೈಹಿಡಿದು ಮೊದಲ ಅಕ್ಷರ ತಿದ್ದಿಸಿದ ಕೂಸು, ಏನೂ ಅಲ್ಲವಂತೆ! ಮಗಳು ತಲೆ ತಗ್ಗಿಸಿ ಉಗುರಿನಲ್ಲಿ ಒಣಗಿದ್ದ ಬಣ್ಣ ಕೆರೆಯುತ್ತಿದ್ದಳು. ಪೇಂಟರಪ್ಪನ ಕಣ್ಣು ಮಂಜಾಯಿತು.

"ಬರೆದ್ರೆ ಅಂಗಡಿ ಇವತ್ತೇ ನನ್ನ ಕೈ ಬಿಡುತ್ತಾ?"

"ಇಲ್ಲ ಯಜಮಾನರೇ, ನೀವಿರೋ ತನಕ ನಿಮ್ಮದೇ. ಮನಸ್ಸು ಬದಲಾದ್ರೆ ಉಯಿಲನ್ನೂ ಬದಲಾಯಿಸಬಹುದು."

"ಬ್ಯಾಂಕಿನಲ್ಲಿ ಇವಳನ್ನೇ ನಾಮಿನಿ ಮಾಡಿದ್ದೀನಿ. ಸಾಕಲ್ವಾ?"

"ಅದು ದುಡ್ಡು ಯಾರ ಕೈಗೆ ಕೊಡಬೇಕು ಅನ್ನೋದಕ್ಕೆ. ಕೊನೆಗೆ ಯಾರಿಗೆ ಸೇರಬೇಕು ಅನ್ನೋದು ಬೇರೆ ಪ್ರಶ್ನೆ. ಅದನ್ನೂ ಉಯಿಲಿನಲ್ಲೇ ಬರೆಯೋಣ."

"ಉಯಿಲಿಗೆ ಸಾಕ್ಷಿ ಸಹಿ ನಾನೇ ಹಾಕ್ತೀನಿ ದೊಡ್ಡಪ್ಪ," ಅಂದಳು ಮಗಳು.

"ಬೇಡಮ್ಮ. ಆಸ್ತಿ ಪಡೆಯೋರು ಸಾಕ್ಷಿ ಹಾಕಬಾರದು, ಬೇರೆ ಇಬ್ಬರು ಬೇಕು," ಅಂದರು ವಕೀಲೆ.

ಮುಂದಿನ ವಾರ ಸಹಿಯ ದಿನ. ನಲವತ್ತು ವರ್ಷ ಊರವರ ಹೆಸರನ್ನೆಲ್ಲ ನೂಲು ಹಿಡಿದ ಹಾಗೆ ಬರೆದ ಕೈ, ತನ್ನ ಹೆಸರು ಬರೆಯಲು ನಡುಗಿತು. ಮಗಳು ಮೊಣಕೈ ಹಿಡಿಯಲು ಬಂದಳು. "ಮುಟ್ಟಬೇಡಿ, ಅವರೇ ಹಾಕಲಿ. ಆಮೇಲೆ ಬಲವಂತವಾಗಿ ಹಾಕಿಸಿದ್ರು ಅಂತ ಯಾರೂ ಅನ್ನಬಾರದು," ಅಂದರು ವಕೀಲೆ. ಪೇಂಟರಪ್ಪ ಉಸಿರು ಬಿಗಿಹಿಡಿದು ಸಹಿ ಹಾಕಿದರು. ಔಷಧಿ ಅಂಗಡಿಯವರು ಮೊದಲ ಸಾಕ್ಷಿ. ಎರಡನೆಯದು ಹೊಲಿಗೆ ಅಕ್ಕ.

ಸಹಿ ಹಾಕಿ ಪೆನ್ನು ಕೆಳಗಿಟ್ಟವಳು ಗೋಡೆಯ ಗಡಿಯಾರ ನೋಡಿದಳು. "ಅರ್ಧ ಗಂಟೆಯೂ ಆಗಲಿಲ್ಲ," ಅಂದಳು. "ನಮ್ಮಣ್ಣನಿಗೆ ಇಷ್ಟು ಹೊತ್ತು ಸಿಗಲಿಲ್ಲವಲ್ಲ!" ಅಂತ ಬಿಕ್ಕಿ ಬಿಕ್ಕಿ ಅತ್ತಳು.

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, "ಇದು ನಿನಗೇ" ಅಂತ ನೀವೂ ಯಾರಿಗೋ ಬಾಯಲ್ಲಿ ಹೇಳಿದ್ದೀರಿ ಅಲ್ಲವೇ? ಅವರ ಮುಖ ಒಮ್ಮೆ ನೆನಪು ಮಾಡಿಕೊಳ್ಳಿ. ಕಾನೂನು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ, ಅದಕ್ಕೇ ಈ ಕೆಲಸ ಬಲ್ಲ ವಕೀಲರನ್ನೇ ಹುಡುಕಿ. ಉಯಿಲು ಮಾಡಿಸಿ, ಅದನ್ನು ಎಲ್ಲಿಟ್ಟಿದ್ದೀರಿ ಅಂತ ನಂಬಿಕೆಯ ಒಬ್ಬರಿಗೆ ಹೇಳಿ. ಟೈಲರ್ ಅಂಗಡಿಯ ಎರಡು ಬೀಗ ಇನ್ನೂ ಹಾಗೇ ನೇತಾಡುತ್ತಿವೆ. ನಿಮ್ಮ ಬಾಗಿಲಿಗೆ ಅಂಥದ್ದು ಬೀಳುವ ಮೊದಲು, ಈ ವಾರವೇ ಹೊರಡಿ.